ಮೂರು ಕಲಮಾನ್ಸಿ

ವಿನಿಪೆಗ್. ಸೊನ್ನೆಗಿಂತ ಮೂವತ್ತು ಕೆಳಗೆ.
ಬಾಗಿಲು ತೆರೆದಾಗಲೆಲ್ಲ ಚಳಿಯೂ ಒಂದು ಗಿರಾಕಿ.
ಹಡಗಿನ ಅಡುಗೆಮನೆಯಲ್ಲಿ
ಇಪ್ಪತ್ತೆರಡು ವರ್ಷ ಸೌಟು ಹಿಡಿದ ನನ್ನ ಮಾವ ಕ್ರಿಸಾಂತೊ
ಮೊದಲ ಚಮಚಕ್ಕೇ ಹುಬ್ಬು ಗಂಟಿಕ್ಕಿದ:
"ಸಿನಿಗಾಂಗ್ ಅಂತೆ!
ಹುಣಸೆ ಮರವನ್ನೇ ಕಾಣದ ಹುಳಿ. ಪೊಟ್ಟಣದ ಪುಡಿ."

ಅನ್ನ, ಅಗುಳಗುಳೂ ಮುನಿಸಿಕೊಂಡು ಕೂತಿತ್ತು.
ಅಡೊಬೊ ಬಂದಾಗ ಮಾತ್ರ ಮಾವ ಮಾತಾಡಲಿಲ್ಲ,
ಎಲುಬು ಚೀಪುವ ಸದ್ದಷ್ಟೇ.
ಹುರಿದ ಮೀನು ಬರಲೇ ಇಲ್ಲ,
ಬಿಲ್ಲಿನಲ್ಲಿ ಬಂದಿತ್ತು.

ಕರೆದೆವು. ಬಂದವಳು ಫ್ಲೋರ್ಡೆಲಿಜಾ,
ಎದೆಯ ಮೇಲೆ ಹೆಸರಿನ ಚೀಟಿ, ಹತ್ತೊಂಬತ್ತಿರಬೇಕು,
ಬಿಟ್ಟುಬಂದ ನಿದ್ದೆ ಇನ್ನೂ ಕಣ್ಣಂಚಿನಲ್ಲಿ.
ಕ್ಷಮೆ ಕೇಳಲು ಪದ ಹುಡುಕಿ, ಸಿಗದೆ,
ಕಿಟಕಿಯ ಕುಂಡದತ್ತ ನಡೆದಳು.
ಮೊಣಕಾಲೆತ್ತರದ ಗಿಡ.
ಇದ್ದದ್ದೇ ಮೂರು ಕಲಮಾನ್ಸಿ, ಗೋಲಿಯಷ್ಟು ಹಸಿರು.
ಮೂರನ್ನೂ ಕಿತ್ತು ತಂದಳು.

ಆರಿದ ಸಾರಿಗೆ ಒಂದನ್ನು ಹಿಂಡಿದ ಮಾವ.
ಕುಡಿದ. ಕೆಮ್ಮಿದ.
"ಈಗಲೂ ಚೆನ್ನಾಗಿಲ್ಲ," ಅಂದ.
ಬಟ್ಟಲು ಬರಿದಾಗಿತ್ತು.

ಮೀನಿನ ದುಡ್ಡು ಕಳೆಸಿದ, ಒಂದು ಸೆಂಟೂ ಬಿಡದೆ.
ಉಳಿದೆರಡು ಕಾಯಿ ಕೋಟಿನ ಜೇಬಿಗೆ.
ಬಸ್ಸು ಬರುವವರೆಗೂ
ಆ ಜೇಬಿನಿಂದ ಕೈ ತೆಗೆಯಲಿಲ್ಲ.
ಚಳಿಗಿರಬೇಕು.