ಇಗರ್ಜಿಗುಡ್ಡೆ, ಇಳಿಯುವವರು

ಇಪ್ಪತ್ತೇಳು ವರ್ಷ ಕೂಗಿದ್ದೇನೆ ಈ ಹೆಸರು,
ದಿನಕ್ಕೆ ಹದಿನಾಲ್ಕು ಸಲ,
ಹೋಗುವಾಗ ಏಳು, ಬರುವಾಗ ಏಳು:
ಇಗರ್ಜಿಗುಡ್ಡೆ, ಇಗರ್ಜಿಗುಡ್ಡೆ, ಬೇಗ ಇಳೀರಿ ಮಾರಾಯ್ರೇ,
ಹಿಂದಿನ ಗಾಡಿ ಕಂಕನಾಡಿ ಬಿಟ್ಟಾಯ್ತು.
ಇಳಿದವರು ಎಲ್ಲಿ ಹೋದರೆಂದು
ತಲೆಯೆತ್ತಿ ನೋಡಿದವನಲ್ಲ.
ಸೀಟಿ ಊದಿದರೆ ಮುಗಿಯಿತು,
ಗುಡ್ಡೆಯೇ ಹಿಂದೆ ಓಡುತ್ತಿತ್ತು.

ಇವತ್ತು ನಾನೇ ಇಳಿದೆ.
ನನ್ನ ಜಾಗಕ್ಕೆ ಬಂದ ಹುಡುಗ ತೌಸೀಫ್ ದುಡ್ಡು ಬೇಡವೆಂದ.
ಇಲ್ಲ, ಟಿಕೇಟು ಕೊಡು ಎಂದೆ.
ಮೆಷಿನು ಕಿರ್ರೆಂದು ನಾಲಿಗೆ ಚಾಚಿತು.

ಮುರಕಲ್ಲಿನ ಮೆಟ್ಟಿಲು. ನೂರ ಹನ್ನೊಂದು.
ಲೆಕ್ಕ ಬಿಡಲಿಕ್ಕೆ ಬರುವುದಿಲ್ಲ ನನಗೆ.
ಓಡುವ ಬಸ್ಸಲ್ಲಿ ಕಂಬಿ ಹಿಡಿಯದೆ ನಿಂತ ಕಾಲು
ಅಲುಗದ ಕಲ್ಲಿನ ಮೇಲೆ ತಡವರಿಸಿತು.
ನಡುವೆ ಒಂದು ಗೇರುಮರ;
ಅದರ ಬುಡದಲ್ಲಿ ಎಷ್ಟು ಹೊತ್ತು ಕೂತೆನೆಂದು
ಎಲ್ಲರಿಗೂ ಹೇಳಬೇಕಾಗಿಲ್ಲ.

ಮೇಲೆ ಬಿಳಿ ಗೋಡೆ, ಮೊನ್ನೆ ಸುಣ್ಣ ಬಳಿದದ್ದು.
ಬಾಗಿಲ ನೆತ್ತಿಯ ಇಸವಿಯಲ್ಲಿ ಕೊನೆಯ ಅಂಕೆ ಉದುರಿದೆ:
ಸಾವಿರದ ಎಂಟುನೂರ ಮೂವತ್ತ… ಎಷ್ಟೋ.
ಒಳಗೆ ಬಾವಿಯ ತಣ್ಪು.
ಮೇಣ, ಹಳೆ ಮರ, ಬಾವಲಿ, ನಿನ್ನೆಯ ಮಲ್ಲಿಗೆ.
ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ
ಒಂದನ್ನು ಬಿಟ್ಟು ಒಂದನ್ನು ಹಾಕಿ ನಿಂತೆ.
ಬೆಂಚುಗಳೆಲ್ಲ ಖಾಲಿ.
ಬಾಯಿಗೆ ಬಂದೇ ಬಂತು: ಎದುರು ಹೋಗಿ, ಎದುರು ಹೋಗಿ,
ಫುಟ್‌ಬಾಲ್ ಆಡ್ಲಿಕ್ಕೆ ಜಾಗ ಉಂಟು.
ನುಂಗಿದೆ.

ಬಂದದ್ದು ಸೆವ್ರಿನ್ ಬಾಯಿಗಾಗಿ.
ಶನಿವಾರ, ನಾಲ್ಕು ಹತ್ತರ ಟ್ರಿಪ್ಪು,
ತೊಡೆಯ ಮೇಲೆ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ,
ಬೆರಳ ಸಂದಿಯಲ್ಲಿ ನೂರರ ನೋಟು.
'ಚಿಲ್ಲರೆ ಇಲ್ವಾ ಬಾಯಿ?'
'ನಿನ್ನ ಚೀಲದಲ್ಲಿ ಇಲ್ಲದ್ದು ನನ್ನ ಸೆರಗಲ್ಲಿ ಎಲ್ಲಿಂದ?'
ಎಂಬತ್ತು ಕೊಟ್ಟೆ. ಟಿಕೇಟಿಗೆ ಒಂಬತ್ತು.
ಉಳಿದ ಹನ್ನೊಂದನ್ನು ಟಿಕೇಟಿನ ಬೆನ್ನಿಗೆ ಬರೆದೆ.
ಇಳಿಯುವಾಗ ಅವರು ಮರೆತರು.
ನಾನೂ ಮರೆತೆ ಎಂದರೆ
ಪೂರ್ತಿ ಸತ್ಯವಲ್ಲ.
ಮುಂದಿನ ಶನಿವಾರ ಅವರು ಬರಲಿಲ್ಲ. ಆಮೇಲೂ.
ಆಗಾಗ ಹೇಳುತ್ತಿದ್ದರು: 'ಒಮ್ಮೆ ಹತ್ತಿ ನೋಡು ದೂಮಣ್ಣ,
ನೀನು ಎಲ್ಲೆಲ್ಲಿ ತಿರುಗ್ತಿ ಅಂತ ನಿನಗೇ ಕಾಣ್ತದೆ.'

ಗಂಟೆಯ ಹಗ್ಗ ಬದಲಿಸುತ್ತಿದ್ದ ಬೊನಿಫಾಸ ನಕ್ಕ:
'ಸೆವ್ರಿನ್ ಬಾಯಿಯಾ? ಗಟ್ಟಿ ಇದ್ದಾರೆ.
ಹಿಂದಿನಿಂದ ಕಾಂಕ್ರೀಟು ರಸ್ತೆ ಆಯ್ತಲ್ಲ,
ಬಾಗಿಲವರೆಗೆ ರಿಕ್ಷಾ.
ನಿಮ್ಮ ಬಸ್ಸು ಯಾರಿಗೆ ಬೇಕು ಈಗ?'
ಸತ್ತಿರಬಹುದೆಂದು
ಒಂದು ಮೋರೆ ತಯಾರುಮಾಡಿಕೊಂಡು ಬಂದಿದ್ದೆ ನಾನು.
ಇನ್ನು ಅದನ್ನು ಎಲ್ಲಿ ಇಡುವುದು?

ಹಿತ್ತಿಲ ಗೋಡೆಗೆ ಒರಗಿದೆ.
ನೇತ್ರಾವತಿ. ಅದರ ಮೇಲೆ ರೈಲಿನ ಸಂಕ.
ಸಂಕದಾಚೆ ಅಳಿವೆ; ಅಲ್ಲಿ ನೀರು
ಯಾವ ಬಣ್ಣ ಹಿಡಿಯಲೆಂದು ಇನ್ನೂ ತೀರ್ಮಾನಿಸಿಲ್ಲ.
ದೂರ ಕಡಲಲ್ಲಿ ಮೂರು ಹಡಗು,
ಸ್ಟೇಟ್‌ಬ್ಯಾಂಕಿನಲ್ಲಿ ಟೈಮು ಸಿಗದ ಗಾಡಿಗಳ ಹಾಗೆ.
ಹಂಚಿನ ಕಾರ್ಖಾನೆಯ ಹೊಗೆಯಿಲ್ಲದ ಚಿಮಣಿ.
ತೆಂಗಿನ ತಲೆಗಳ ನಡುವೆ
ತುಂಡು ತುಂಡಾಗಿ ನನ್ನ ರಸ್ತೆ.
ಕೈಚಾಚಿ ಅಳೆದೆ:
ಇಪ್ಪತ್ತೇಳು ವರ್ಷ, ಒಂದು ಗೇಣು.

ಕೆಳಗೆ ತೌಸೀಫನ ಗಾಡಿ ತಿರುಗಿ ಬಂತು,
ನೀಲಿ, ಬೆಂಕಿಪೊಟ್ಟಣದಷ್ಟು.
ಯಾರೋ ಇಳಿದರು. ಯಾರೋ ಕೊಡೆ ಎತ್ತಿ ಓಡಿ ಬಂದರು,
ಅವನಿಗೆ ಕಾಣಲಿಲ್ಲ.
ಕೈ ಜೇಬಿಗೆ ಹೋಯಿತು. ಸೀಟಿ ತುಟಿಗೆ ಬಂತು.
ಊದಿದೆ.
ಪಾರಿವಾಳಗಳೆಲ್ಲ ಎದ್ದವು,
ಬೊನಿಫಾಸ ಹಗ್ಗ ಬಿಟ್ಟು 'ಏನಾಯ್ತು?' ಎಂದ,
ಬಸ್ಸು ಹೋಯಿತು.

ಬಾಗಿಲ ಬಳಿ ಕಾಣಿಕೆ ಡಬ್ಬಿ ಇತ್ತು.
ಹತ್ತರ ನೋಟು, ಒಂದರ ಪಾವಲಿ ಅಂಗೈಯಲ್ಲಿ ಬೆವರುತ್ತಿದ್ದವು.
ಹಾಕಲಿಲ್ಲ.
ದೇವರಿಗೆ ಕೊಟ್ಟರೆ ಬಾಯಿಯ ಲೆಕ್ಕ ತೀರುವುದಿಲ್ಲ.
ಇವತ್ತು ಗುರುವಾರ. ನಾಡಿದ್ದು ಶನಿವಾರ
ಹಿಂದಿನ ರಸ್ತೆಯಲ್ಲಿ ನಿಲ್ಲಬೇಕು.
ಆ ರಿಕ್ಷಾದವನ ಹತ್ತಿರವೂ
ಚಿಲ್ಲರೆ ಉಂಟೋ ಇಲ್ಲವೋ.