ಕೂಗಿದರೆ ಪಾಸ್

ವೇಮಗಲ್ಲಿನ ಶೆಡ್ಡಿನಲ್ಲಿ ನನ್ನ ಕೆಲಸ ಇಷ್ಟೇ:
ಅಂಗಡಿ ಬಟ್ಟೆಗೆ ಚುಚ್ಚುವ ಬಿಳಿ ಬಿಲ್ಲೆಗಳನ್ನು
ಎರಡು ಕಂಬಗಳ ನಡುವೆ ಹಾಯಿಸುವುದು.
ಕೂಗಿದರೆ ಪಾಸ್. ಮೂಕವಾದರೆ ಕೆಂಪು ಡಬ್ಬಿಗೆ.

ದಿನಕ್ಕೆ ಎರಡು ಸಾವಿರ ಕೂಗು.
ರಾತ್ರಿ ಕುಕ್ಕರ್ ಕೂಗಿದರೂ
ಪಾಸ್ ಅನ್ನುತ್ತೇನೆ, ಅತ್ತೆ ನಗುತ್ತಾರೆ.

ಐದೂವರೆಗೆ ಗೇಟಿನಲ್ಲಿ ಇನ್ನೆರಡು ಕಂಬ,
ಅವು ನಮಗೆ. ಅಲ್ಲಿ ಕೂಗಬಾರದು.
ಪಿಳ್ಳಮ್ಮನ ಸೆರಗಿಗೆ ಬಿಲ್ಲೆಯೊಂದು ಸಿಕ್ಕಿಕೊಂಡು ಬಂದ ದಿನ
ಚಪ್ಪಲಿ, ಟಿಫನ್ ಬಾಕ್ಸು, ಕಟ್ಟಿದ ಮುಡಿ
ಎಲ್ಲ ಬಿಚ್ಚಿಸಿ ನೋಡಿದರು.
ಮಾರನೇ ದಿನ ಅವಳ ಸ್ಟೂಲಿನ ಮೇಲೆ ಹೊಸ ಹುಡುಗಿ.
ಅವಳಿಗೂ ನಾನೇ ಕಲಿಸಿದೆ.

ಮೊನ್ನೆ ಕೋಲಾರದಲ್ಲಿ
ತಂಗಿಯ ಮಗುವಿಗೊಂದು ಫ್ರಾಕು ಕೊಂಡು
ಅಂಗಡಿ ಬಾಗಿಲು ದಾಟಿದೆ, ಕೂಗಿತು.
ಬಿಲ್ಲೆ ತೆಗೆಯಲು ಮರೆತ ಹುಡುಗನೇ
ನನ್ನನ್ನು ದುರುಗುಟ್ಟಿ ನೋಡಿದ.
ಸಾಲು ಪೂರ್ತಿ ತಿರುಗಿತು.
ಚೀಲದೊಳಗೆ ಬಿಲ್ ತಡಕುತ್ತಿದ್ದ ಬೆರಳಿಗೆ
ಆ ಅಂಚು ಗುರುತಾಯಿತು:
ಮೂರನೇ ಅಚ್ಚು, ಸ್ವಲ್ಪ ಒರಟು,
ನಮ್ಮ ಲೈನಿನದೇ.

ಕಿವಿ ಸುಡುತ್ತಿತ್ತು.
ಬಾಯಿ ಮಾತ್ರ ಅಷ್ಟು ಜನರೆದುರು
ಪಾಸ್ ಅಂದುಬಿಟ್ಟಿತು.
ಹುಡುಗನಿಗೆ ಅರ್ಥವಾಗಲಿಲ್ಲ.
ಬಿಲ್ ಇದ್ದದ್ದು ಫ್ರಾಕಿನ ತೋಳಿನೊಳಗೆ.