ಒದ್ದೆ ಮರಳು

ಸ್ಟ್ರಿಪ್ಪುಗಳು ಮುಗಿದದ್ದು ಏಪ್ರಿಲ್ ಒಂಬತ್ತಕ್ಕೆ.
ಆಮೇಲೆ ನಮಗೆ ಇರುವೆಗಳೇ ಲ್ಯಾಬು.

ಎದ್ದವನೇ, ಮುಖ ತೊಳೆಯುವ ಮೊದಲು,
ಪಾಯಿಖಾನೆ ಹಿಂದಿನ ಒಣನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು
ತಂಗಿ ಉಚ್ಚೆ ಹೊಯ್ದ ಜಾಗ ನೋಡುತ್ತೇನೆ.
ಹನ್ನೆರಡರ ಹುಡುಗಿ. ನಾಚಿಕೆ.
ಆ ಕಡೆ ಹೋಗು ಅಣ್ಣಾ, ಎಂದು ಬೈಯುತ್ತಾಳೆ.
ಸಾಲುಗಟ್ಟಿ ಬಂದಿದ್ದರೆ ಎರಡು ಯೂನಿಟ್ಟು ಹೆಚ್ಚು,
ಬರದಿದ್ದರೆ ನಿನ್ನೆಯಷ್ಟೇ.
ಹೀಗೆಂದು ಯಾವ ಡಾಕ್ಟರೂ ಹೇಳಿಲ್ಲ,
ನಾವೇ ಹೇಳಿಕೊಂಡದ್ದು.

ಮಾವಿನ ಮರದಡಿ ನನ್ನ ಬಾಡಿಗೆ ಬೈಕು
ಕೋಳಿ ಹಿಕ್ಕೆ ಹೊತ್ತು ನಿಂತಿದೆ.
ಕಂಪಾಲದ ರೇಡಿಯೋ ಹೇಳಿತು:
ಹಿಂದೆ ಯಾರನ್ನೂ ಕೂರಿಸಬಾರದು.
ರೋಗಿಯಾದರೆ? ಅಧಿಕಾರಿಯ ಚೀಟಿ ಬೇಕು.
ಚೀಟಿಗೆ? ಕಚೇರಿಗೆ ಹೋಗಬೇಕು.
ಕಚೇರಿಗೆ ಹೋಗಲು?
ರೇಡಿಯೋ ಅಷ್ಟರಲ್ಲಿ
ಕೈ ತೊಳೆಯುವ ಹಾಡಿಗೆ ಹೊರಳಿತ್ತು.

ಇನ್ಸುಲಿನ್ ಸೀಸೆ ಮಡಕೆಯೊಳಗೆ,
ಆ ಮಡಕೆ ಇನ್ನೊಂದು ಮಡಕೆಯೊಳಗೆ,
ನಡುವೆ ಒದ್ದೆ ಮರಳು.
ಅವ್ವ ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಾಳೆ,
ಬೀಜ ಊರಿದವಳ ಹಾಗೆ.
ಮೊಳೆಯುವುದಿಲ್ಲ ಅದು. ಇಳಿಯುತ್ತದೆ.

ಉಣಿಸಿ ಸೂಜಿ ಕೊಡಿ ಎಂದಿದ್ದರು ಸಿಸ್ಟರ್ ಅಬಲೊ.
ಸಂತೆ ಮುಚ್ಚಿದೆ, ಒಲೆ ಉರಿಯುವುದು ಒಂದೇ ಹೊತ್ತು.
ಇದ್ದ ಹಿಟ್ಟಿಗೆ ಸೂಜಿ ಅಳೆಯುವುದೋ,
ಸೂಜಿಗೆ ಹಿಟ್ಟೋ?
ಅವ್ವ ತನ್ನ ಪಾಲಿನ ಮುದ್ದೆ ಮುರಿದಿಟ್ಟು
ನನಗೆ ಹೊಟ್ಟೆ ಉಬ್ಬರ ಎನ್ನುತ್ತಾಳೆ.
ಮೂರು ವಾರದಿಂದ ಅದೇ ಉಬ್ಬರ.

ಸೀಸೆಯ ತಳ ಕಂಡ ರಾತ್ರಿ
ಒಚಯಾನ ಸೈಕಲ್ ಕಡ ತಂದು ಹೊರಟೆ.
ಪಾಲಬೆಕ್‌ನಿಂದ ಕಿಟ್ಗುಮಿಗೆ ನಲವತ್ತು ಕಿಲೋಮೀಟರು.
ಟಾರ್ಚು ಕಂಡಲ್ಲೆಲ್ಲ ದಾರಿ ಬಿಟ್ಟು
ಸೈಕಲ್ ಸಮೇತ ಹುಲ್ಲಲ್ಲಿ ಮಲಗಿದೆ,
ಕಳ್ಳನ ಹಾಗೆ. ಕದ್ದದ್ದೇನೆಂದು
ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ಆಸ್ಪತ್ರೆಯ ಕಿಟಕಿಯಲ್ಲಿ ಎರಡು ಸೀಸೆ ಸಿಕ್ಕವು.
ಸ್ಟ್ರಿಪ್ಪು? ಇಲ್ಲ.
ಸಹಿ ಹಾಕುವಾಗ ಕಂಡೆ:
ಲಾಮುನು ಹೆಸರಿನ ಮೇಲೆ ಮೂರು ಹೆಸರು,
ಮಾರ್ಚಿನಿಂದೀಚೆ ಮೂರಕ್ಕೂ ಖಾಲಿ ಚೌಕ.
ಇವರು ಯಾರೂ ಬರಲಿಲ್ಲವೇ, ಅಂದೆ.
ಸಿಸ್ಟರ್ ಮಾಸ್ಕು ಸರಿಮಾಡಿಕೊಂಡು
ಪುಟ ತಿರುವಿದರು.

ವಾಪಸು ದಾರಿಯುದ್ದಕ್ಕೂ ಆ ಚೌಕಗಳೇ.
ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೀಸೆ
ಎದೆಗೆ ತಣ್ಣಗೆ ತಾಗುತ್ತ ತಾಗುತ್ತ
ಬಿಸಿಯಾಗತೊಡಗಿದಾಗ ಇನ್ನೂ ಜೋರಾಗಿ ತುಳಿದೆ.
ಬೆಳಕು ಹರಿಯಿತು. ಮನೆ ಕಂಡಿತು.
ಗುಡಿಸಲ ಹೊಗೆ ಕಾಣಲಿಲ್ಲ.
ಸೈಕಲ್ ಎಸೆದು ಅಂಗಳದಿಂದಲೇ ಕೂಗಿದೆ:
ಲಾಮುನೂ, ಇರುವೆಯಾ?

ಒಳಗಿಂದ ಸಿಡುಕಿನ ದನಿ:
ಒಂದೂ ಇಲ್ಲ ಅಣ್ಣಾ,
ಆಗಲೇ ನೋಡಿ ಬಂದೆ.